ಸ್ಟೀರಿಂಗ್ ಹಗುರಾಗುವ ಆ ಕ್ಷಣಕ್ಕೆ ಎಷ್ಟು ದುಡ್ಡು?

‘ರೇಸಿಂಗ್ ಗೇಮ್ ಆಡೋಕೆ ಕಮ್ಮಿ ರೇಟಿನ ಸ್ಟೀರಿಂಗ್ ವೀಲ್ ಯಾವುದು ತಗೊಳ್ಳಲಿ?’ ಅಂತ ಆಫೀಸಿನಲ್ಲಿ ಆಗಾಗ ಯಾರಾದರೂ ನನ್ನನ್ನು ಕೇಳ್ತಾರೆ. ಒಂದು ಮಾಡೆಲ್ ಹೆಸರು ಹೇಳಿ ಸುಮ್ಮನಾಗಬಹುದು. ಆದರೆ ಈ ಚಕ್ರದ ಐವತ್ತು ವರ್ಷದ ಕಥೆ ಗೊತ್ತಿದ್ದರೆ ಯಾವುದಕ್ಕೆ ದುಡ್ಡು ಸುರಿಯಬೇಕು, ಯಾವುದಕ್ಕೆ ಬೇಡ ಅನ್ನೋದು ತಾನಾಗೇ ಹೊಳೆಯುತ್ತೆ.

ಅಟಾರಿ ಕಂಪನಿ 1974ರಲ್ಲಿ ‘ಗ್ರ್ಯಾನ್ ಟ್ರ್ಯಾಕ್ 10’ ಎಂಬ ಆರ್ಕೇಡ್ ಯಂತ್ರ ತಂದಿತು. ಸ್ಟೀರಿಂಗ್, ಗೇರು, ಆಕ್ಸಿಲರೇಟರ್, ಬ್ರೇಕು ಎಲ್ಲವೂ ಅದರಲ್ಲಿತ್ತು. ಆದರೆ ತಯಾರಿಸೋಕೆ ಬಿದ್ದ ಖರ್ಚಿಗಿಂತ ಕಮ್ಮಿಗೆ ಮಾರಿ ಕಂಪನಿ ಕೈ ಸುಟ್ಟುಕೊಂಡಿತು. ಅಗ್ಗದ ಸ್ಟೀರಿಂಗ್ ಅನ್ನೋದು ಆಗಿನಿಂದಲೂ ಕಷ್ಟದ ಲೆಕ್ಕವೇ.

ಮನೆಗೆ ಬಂದಾಗ ಅದು ಇನ್ನೂ ಬಡವಾಯಿತು. 1977ರಲ್ಲಿ ‘ಇಂಡಿ 500’ ಆಟದ ಜೊತೆ ಅಟಾರಿ ಕೊಟ್ಟದ್ದು ಕೊನೆಯಿಲ್ಲದೆ ಸುತ್ತುವ ಒಂದು ತಿರುಗಣೆ, ಅಷ್ಟೇ. 1982ರಲ್ಲಿ ಕೊಲಿಕೋವಿಷನ್ ಕನ್ಸೋಲಿಗೆ ನಿಜವಾದ ಚಕ್ರ, ಪೆಡಲ್ ಬಂದವು. ಆದರೆ ಆ ಪೆಡಲ್ಲು ಲೈಟಿನ ಸ್ವಿಚ್ ಇದ್ದ ಹಾಗೆ: ಆನ್, ಇಲ್ಲಾಂದ್ರೆ ಆಫ್.

ದೊಡ್ಡ ತಿರುವು 1989ರದ್ದು. ಅಟಾರಿ ಗೇಮ್ಸ್‌ನ ‘ಹಾರ್ಡ್ ಡ್ರೈವಿನ್’ ಆರ್ಕೇಡಿನಲ್ಲಿ ಕ್ಲಚ್ಚೂ ಇತ್ತು. ಜೊತೆಗೆ ಸ್ಟೀರಿಂಗಿನ ಹಿಂದೆ ಮೋಟರ್ ಕೂತು ನಮ್ಮ ಕೈಯನ್ನೇ ವಾಪಸ್ ತಳ್ಳುತ್ತಿತ್ತು. ಇದೇ ಫೋರ್ಸ್ ಫೀಡ್‌ಬ್ಯಾಕ್. ನನ್ನಂಥ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತುವಾಗ ಮುಂದಿನ ಗಾಲಿ ನೆಲ ಬಿಡುತ್ತೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತೆ. ಡ್ರೈವರಿಗೆ ಅಪಾಯ ಗೊತ್ತಾಗೋದು ಅಂಗೈಯಿಂದ. ಗೇಮಿನಲ್ಲೂ ಹಾಗೇ: ಮುಂದಿನ ಟೈರು ಹಿಡಿತ ಬಿಟ್ಟರೆ ಚಕ್ರ ಸಡಿಲವಾಗುತ್ತೆ. ಬರೀ ‘ಗುರ್ರ್’ ಅಂತ ನಡುಗುವ ವೀಲಿಗೆ ಈ ಸುದ್ದಿ ಹೇಳೋಕೆ ಬರಲ್ಲ.

2001ರಲ್ಲಿ ‘ಗ್ರ್ಯಾನ್ ಟುರಿಸ್ಮೊ 3’ ಜೊತೆಗೆ ಲಾಜಿಟೆಕ್‌ನ ‘ಜಿಟಿ ಫೋರ್ಸ್’ ಈ ಅನುಭವವನ್ನು ಪ್ಲೇಸ್ಟೇಷನ್ 2ಕ್ಕೆ ತಂದಿತು. ನಾಲ್ಕನೇ ಆಟದ ಹೊತ್ತಿಗೆ ಬಂದ ‘ಡ್ರೈವಿಂಗ್ ಫೋರ್ಸ್ ಪ್ರೊ’ 900 ಡಿಗ್ರಿ, ಅಂದರೆ ನಿಜವಾದ ಕಾರಿನಂತೆ ಎರಡೂವರೆ ಸುತ್ತು ತಿರುಗಿತು.

ಇದು ಯಾಕೆ ಮುಖ್ಯ? ಕಾರ್ ರೇಸಿಂಗ್ ದುಡ್ಡಿದ್ದವರ ಆಟ. 2008ರಲ್ಲಿ ಸೋನಿ ಮತ್ತು ನಿಸ್ಸಾನ್ ‘ಜಿಟಿ ಅಕಾಡೆಮಿ’ ಶುರುಮಾಡಿ, ಗೇಮ್ ಆಡುವವರಿಂದ ನಿಜವಾದ ಡ್ರೈವರ್‌ಗಳನ್ನು ಆರಿಸಿದವು. 2011ರಲ್ಲಿ ಅಲ್ಲಿ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡೆನ್‌ಬರೋ, 2013ರ ಲ ಮಾನ್ 24 ಗಂಟೆ ರೇಸಿನಲ್ಲಿ ತನ್ನ ತಂಡದೊಂದಿಗೆ ಎಲ್‌ಎಂಪಿ2 ವಿಭಾಗದ ಮೂರನೇ ಸ್ಥಾನಕ್ಕೆ ಬಂದ. ಮನೆಯೊಳಗಿನ ಆಟವೂ ಆ ಕೋಟೆಗೆ ಒಂದು ಕಿಂಡಿ ತೆರೆಯಿತು.

ಆದರೆ ಅದೇ ಕಾಲಕ್ಕೆ ಇನ್ನೊಂದು ಬಾಗಿಲು ಮುಚ್ಚಿತು. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಬಂದ ಮೇಲೆ, ಪರವಾನಗಿ ಪಡೆದ ವೀಲನ್ನು ಮಾತ್ರ ಕನ್ಸೋಲ್ ಒಪ್ಪುವಂತಾಯಿತು. ಗಟ್ಟಿಮುಟ್ಟಾಗಿದ್ದ ಲಾಜಿಟೆಕ್ ಜಿ27 ಹೊಸ ಕನ್ಸೋಲಿನ ಮುಂದೆ ಮೂಕವಾಯಿತು. 2015ರಲ್ಲಿ ಅದರ ಜಾಗಕ್ಕೆ ಎರಡು ಬಂದವು: ಪ್ಲೇಸ್ಟೇಷನ್ನಿಗೆ ಜಿ29, ಎಕ್ಸ್‌ಬಾಕ್ಸಿಗೆ ಜಿ920. ಒಳಗಿನ ಯಂತ್ರ ಹೆಚ್ಚುಕಮ್ಮಿ ಒಂದೇ, ಬೀಗ ಬೇರೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಹೋರಿ ಏಪೆಕ್ಸ್‌ನಂಥ ತೀರಾ ಅಗ್ಗದವುಗಳಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಇಲ್ಲ, ಬಿಟ್ಟರೆ ಚಕ್ರ ನಡುವಿಗೆ ಬಂದು ನಿಲ್ಲುತ್ತೆ ಅಷ್ಟೇ. ಮಕ್ಕಳ ಖುಷಿಗೆ ಸಾಕು, ಕಲಿಯೋಕೆ ಸಾಲದು. ಅದರ ಮೇಲಿನ ಮೆಟ್ಟಿಲು ಥ್ರಸ್ಟ್‌ಮಾಸ್ಟರ್ ಟಿ150, ಎಕ್ಸ್‌ಬಾಕ್ಸಿಗಾದರೆ ಟಿಎಂಎಕ್ಸ್. ಬೆಲ್ಟು, ಗೇರು ಎರಡೂ ಬೆರೆತವು, ಪೆಡಲ್ ಎರಡೇ. ಜಿ29 ಗೇರಿನದು, ಸ್ವಲ್ಪ ಕಟಕಟ ಅನ್ನುತ್ತೆ, ಆದರೆ ಕ್ಲಚ್ ಸೇರಿ ಮೂರು ಪೆಡಲ್ ಇವೆ. ಮೋಟರಿಗೇ ನೇರ ಚಕ್ರ ಕೂರಿಸಿದ ಡೈರೆಕ್ಟ್ ಡ್ರೈವ್ ಸದ್ಯಕ್ಕೆ ಬೇಡ.

ಸೆಕೆಂಡ್ ಹ್ಯಾಂಡ್ ತಗೊಳ್ಳಿ, ತಪ್ಪಿಲ್ಲ. ಆದರೆ ದುಡ್ಡು ಕೊಡೋ ಮುಂಚೆ ನಿಮ್ಮದೇ ಕನ್ಸೋಲಿಗೆ ಸಿಕ್ಕಿಸಿ ನೋಡಿ. ಒಂದು ತಿರುವಿನಲ್ಲಿ ಬೇಕಂತಲೇ ವೇಗವಾಗಿ ನುಗ್ಗಿ. ಟೈರು ಜಾರಿದ್ದು ಟಿವಿಯಲ್ಲಿ ಕಾಣೋ ಮೊದಲೇ ಅಂಗೈಗೆ ಗೊತ್ತಾಯ್ತಾ? ಹಾಗಿದ್ರೆ ಕಣ್ಣುಮುಚ್ಚಿ ತಗೊಳ್ಳಿ.