ಸಂಬಳದ ಕಾಯಿದೆ ಮತ್ತು ಗಡಿನಾಡಿನ ಕನ್ನಡ ಶಾಲೆ

ಶಾಲಾ ಶಿಕ್ಷಕರ ವೇತನವನ್ನು ಶಾಸನದ ಮೂಲಕ ನಿಗದಿಗೊಳಿಸಿದ ಪ್ರಯತ್ನಗಳಲ್ಲಿ 1957ರ ಕೇರಳ ಶಿಕ್ಷಣ ಮಸೂದೆಗೆ ವಿಶೇಷ ಸ್ಥಾನವಿದೆ. ಈ ಮಸೂದೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ 1959ರ ವಿಮೋಚನಾ ಹೋರಾಟ ಮತ್ತು ಸರಕಾರದ ವಜಾದ ಸುತ್ತಲೇ ನಡೆದಿದೆ. ಕಾಸರಗೋಡಿನ ಕನ್ನಡ ಶಾಲೆಗಳ ದೃಷ್ಟಿಯಿಂದ ಅದರ ವೇತನ ಮತ್ತು ನೇಮಕಾತಿಯ ಕಲಮುಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಲ್ಲಿನ ಅನುದಾನಿತ ಕನ್ನಡ ಶಾಲೆಗಳು ಅಲ್ಲಿಯವರೆಗೆ ಮದರಾಸು ಆಡಳಿತದ ಅನುದಾನ ಪದ್ಧತಿಗೆ ಒಳಪಟ್ಟಿದ್ದವು. ಕೇರಳದ ಖಾಸಗಿ ಶಾಲೆಗಳಲ್ಲಿ ಆಗ ವ್ಯಾಪಕವಾಗಿದ್ದ ದೂರು ಒಂದೇ: ಶಿಕ್ಷಕನು ಪೂರ್ಣ ಸಂಬಳಕ್ಕೆ ಸಹಿ ಮಾಡಬೇಕು, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಅನುದಾನವು ವ್ಯವಸ್ಥಾಪಕರ ಕೈಯಿಂದ ಹಾದುಬರುವವರೆಗೆ ಇದಕ್ಕೆ ಪರಿಹಾರವಿರಲಿಲ್ಲ.

1957ರ ಏಪ್ರಿಲಿನಲ್ಲಿ ಅಧಿಕಾರಕ್ಕೆ ಬಂದ ಇ.ಎಂ.ಎಸ್. ನಂಬೂದಿರಿಪಾಡರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿದ್ದವರು ಸಾಹಿತ್ಯ ವಿಮರ್ಶಕ ಜೋಸೆಫ್ ಮುಂಡಶ್ಶೇರಿ. ಅವರು ಮಂಡಿಸಿದ ಮಸೂದೆಯಲ್ಲಿ ನಮಗೆ ಮುಖ್ಯವಾದ ಅಂಶಗಳು ನಾಲ್ಕು. ಅನುದಾನಿತ ಶಾಲೆಗಳು ವಿಶೇಷ ಶುಲ್ಕಗಳನ್ನು ಬಿಟ್ಟು ಉಳಿದ ಶುಲ್ಕವನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕು (8ನೆಯ ಕಲಮು). ಶಿಕ್ಷಕರ ಸಂಬಳವನ್ನು ಸರಕಾರ ನೇರವಾಗಿ ಇಲ್ಲವೆ ಮುಖ್ಯೋಪಾಧ್ಯಾಯರ ಮೂಲಕ ಕೊಡಬೇಕು (9). ಲೋಕಸೇವಾ ಆಯೋಗ ಜಿಲ್ಲಾವಾರು ಆರಿಸಿದ ಅಭ್ಯರ್ಥಿಗಳಿಂದಲೇ ವ್ಯವಸ್ಥಾಪಕರು ನೇಮಕ ಮಾಡಬೇಕು (11). ವೇತನ, ನಿವೃತ್ತಿವೇತನ, ಭವಿಷ್ಯನಿಧಿ ಮೊದಲಾದ ಸೇವಾ ನಿಬಂಧನೆಗಳನ್ನು ಸರಕಾರವೇ ವಿಧಿಸಬೇಕು; ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಶಿಕ್ಷಕರನ್ನು ವಜಾ ಮಾಡಕೂಡದು (12).

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಶಾಸನವು ಸಂಬಳದ ಮೊತ್ತವನ್ನು ತಾನೇ ಬರೆದಿಡಲಿಲ್ಲ. ಯಾರು ಕೊಡಬೇಕು, ಯಾರ ಕೈಯಿಂದ ತಲುಪಬೇಕು, ಯಾರು ನಿರ್ಧರಿಸಬೇಕು ಎಂಬುದನ್ನು ಹೇಳಿ ಶ್ರೇಣಿಗಳನ್ನು ನಿಯಮಗಳಿಗೂ ಆದೇಶಗಳಿಗೂ ಬಿಟ್ಟಿತು. ಮುಖ್ಯೋಪಾಧ್ಯಾಯರನ್ನು ಸಂಬಳದ ದಾರಿಯಾಗಿಸಿದ್ದರಿಂದ ಶಾಲೆಯೊಳಗಿನ ಅಧಿಕಾರದ ತಕ್ಕಡಿಯೂ ಅಲುಗಿತು. ಹಿಂದೆ ಸಂಬಳಕ್ಕಾಗಿ ವ್ಯವಸ್ಥಾಪಕರ ಮನೆಬಾಗಿಲು ನೋಡಬೇಕಾಗಿದ್ದ ಶಿಕ್ಷಕ ಇನ್ನು ಖಜಾನೆಯತ್ತ ನೋಡುವಂತಾಯಿತು.

ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ರಾಷ್ಟ್ರಪತಿಗಳು ಸಂವಿಧಾನದ 143ನೆಯ ವಿಧಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. 1958ರ ಮೇ 22ರಂದು ನೀಡಿದ ಅಭಿಪ್ರಾಯದಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ನೇತೃತ್ವದ ಪೀಠವು, 9, 11 ಮತ್ತು 12ನೆಯ ಕಲಮುಗಳು ಆಡಳಿತದ ಹಕ್ಕಿನ ಮೇಲೆ ಗಂಭೀರವಾಗಿ ಕೈಯಿಡುತ್ತವೆ ಎಂದೇ ಹೇಳಿತು. ಆದರೂ ಅನುದಾನದ ಷರತ್ತುಗಳೆಂಬ ನೆಲೆಯಲ್ಲಿ ಅವನ್ನು ಒಪ್ಪಿತು. ಅಲ್ಪಸಂಖ್ಯಾತರ ಶಾಲೆಗಳ ಮಟ್ಟಿಗೆ ಅದು ಬಲವಾಗಿ ಆಕ್ಷೇಪಿಸಿದ್ದು ಶಾಲೆಗಳ ವಶಪಡಿಕೆಗೆ ಸಂಬಂಧಿಸಿದ 14 ಮತ್ತು 15ನೆಯ ಕಲಮುಗಳನ್ನು. ತಿದ್ದುಪಡಿಗೊಂಡ ಶಾಸನಕ್ಕೆ 1959ರ ಫೆಬ್ರವರಿಯಲ್ಲಿ ಅಂಕಿತ ದೊರೆತು, ಜೂನ್ ತಿಂಗಳಲ್ಲಿ ಅದು ಜಾರಿಗೆ ಬಂದಿತು. ಜುಲೈ 31ರಂದು ಸರಕಾರವೇ ವಜಾಗೊಂಡಿತು. 1960ರ ತಿದ್ದುಪಡಿಯು 11ನೆಯ ಕಲಮನ್ನು ಬದಲಿಸಿ, ನಿಗದಿತ ಅರ್ಹತೆಯುಳ್ಳವರನ್ನು ನೇಮಿಸುವ ಅಧಿಕಾರವನ್ನು ವ್ಯವಸ್ಥಾಪಕರಿಗೇ ಮರಳಿಸಿತು. ಸಂಬಳ ಖಜಾನೆಯದು, ಆಯ್ಕೆ ವ್ಯವಸ್ಥಾಪಕರದು ಎಂಬ ಏರ್ಪಾಡು ಹೀಗೆ ನೆಲೆಗೊಂಡಿತು.

ಈ ಏರ್ಪಾಡಿನ ಮೇಲೆ ಬಂದ ಟೀಕೆ ನ್ಯಾಯವಾದುದೇ. ಸಾರ್ವಜನಿಕ ಹಣದಿಂದ ನಡೆಯುವ ಹುದ್ದೆಗೆ ಖಾಸಗಿಯಾಗಿ ವಂತಿಗೆ ಪಡೆಯುವ ರೂಢಿಗೆ ಅದು ಎಡೆಮಾಡಿಕೊಟ್ಟಿತು. ಆದರೆ ಕನ್ನಡ ಶಾಲೆಗಳ ವಿಷಯದಲ್ಲಿ ಚಿತ್ರ ಬೇರೆ. 1957ರಲ್ಲಿ ಕಾಸರಗೋಡು ಕಣ್ಣೂರು ಜಿಲ್ಲೆಯ ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಮೂಲ ಮಸೂದೆಯಲ್ಲಿ ಆಯ್ಕೆಯ ಘಟಕ ಜಿಲ್ಲೆಯಾಗಿತ್ತು, ಬೋಧನೆಯ ಭಾಷೆಯಲ್ಲ. ಮಲಯಾಳ ಪ್ರಧಾನವಾದ ಜಿಲ್ಲೆಯ ಪಟ್ಟಿಯಿಂದ ಕನ್ನಡ ತರಗತಿಗೆ ತಕ್ಕ ಶಿಕ್ಷಕ ದೊರೆಯುವ ಖಾತರಿ ಇರಲಿಲ್ಲ. ಆಯ್ಕೆಯು ವ್ಯವಸ್ಥಾಪಕರ ಕೈಯಲ್ಲಿ ಉಳಿದದ್ದರಿಂದ, ಕನ್ನಡಾಭಿಮಾನವುಳ್ಳ ಆಡಳಿತವಿದ್ದ ಕಡೆ ಕನ್ನಡ ಬಲ್ಲವರೇ ತರಗತಿಗೆ ಬರುವುದು ಸಾಧ್ಯವಾಯಿತು. ಮುಂದೆ ಸರಕಾರಿ ಕನ್ನಡ ಶಾಲೆಗಳಿಗೆ ಕನ್ನಡ ಅರಿಯದ ಶಿಕ್ಷಕರು ನೇಮಕಗೊಂಡಾಗ ಎದ್ದ ಪ್ರತಿಭಟನೆಗಳು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತವೆ.

ಪೆರಡಾಲದ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಕಾಸರಗೋಡಿನ ವಿಲೀನೀಕರಣಕ್ಕಾಗಿ ಹೋರಾಡಿದವರಲ್ಲಿ ಪ್ರಮುಖರು. ಶಿಕ್ಷಕ ವರ್ಗವು ಆ ಚಳವಳಿಗೆ ನೀಡಿದ ಶಕ್ತಿಯನ್ನು ಅರಿಯಲು ಅವರ ಸೇವಾ ಭದ್ರತೆಯ ಚರಿತ್ರೆಯನ್ನೂ ಜೊತೆಗಿಟ್ಟು ನೋಡಬೇಕೆಂದು ನಮಗೆ ತೋರುತ್ತದೆ.

ಸಂಬಳವನ್ನು ಶಾಸನ ರಕ್ಷಿಸಬಲ್ಲುದು. ತರಗತಿಯ ಭಾಷೆಯನ್ನು ರಕ್ಷಿಸಬೇಕಾದರೆ ಅದನ್ನು ನೇಮಕಾತಿಯ ಕಲಮಿನಲ್ಲೇ ಬರೆದಿರಬೇಕು. ಹೊರನಾಡಿನ ಕನ್ನಡ ಶಾಲೆಗಳ ಚರಿತ್ರೆಯನ್ನು ಬರೆಯುವವರು ಆಯಾ ರಾಜ್ಯದ ವೇತನ ನಿಯಮಗಳನ್ನು ನೇಮಕಾತಿ ನಿಯಮಗಳೊಂದಿಗೆ ತಾಳೆಹಾಕಿ ಓದಿದರೆ, ಶಾಲೆಗಳ ಏಳುಬೀಳಿನ ಕಾರಣಗಳು ಇನ್ನಷ್ಟು ಖಚಿತವಾದಾವು.