ಪರೀಕ್ಷೆಗೆ ಹೊರಟ ಕೂಸು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮೈಸೂರಿನ ಮೊದಲ ಬಸ್ಸಿಗೆ ಕಾಯುತ್ತಿದ್ದ ಒಬ್ಬ ತಾಯಿಯನ್ನು ನಾವು ಮಾತಿಗೆಳೆದೆವು. ಹನೂರಿನಾಚೆಯ ಒಂದು ಪೋಡಿನವರು. ಪಕ್ಕದಲ್ಲಿ ಎಂಟು ವರ್ಷದ ಹುಡುಗ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ರಕ್ತದ ಚೀಟಿಗಳು, ಸ್ಕ್ಯಾನಿಂಗ್ ರಿಪೋರ್ಟು, ಮೂಲೆ ಸವೆದ ತಾಯಿ ಕಾರ್ಡು. "ಆಸ್ಪತ್ರೆಗಾ ಅವ್ವಾ?" ಅಂದೆವು.

"ಆಸ್ಪತ್ರಗೇಯ. ಆದ್ರ ತೋರ್ಸಕಲ್ಲ ಕಣಪ್ಪ, ಪರೀಕ್ಷಗ. ಡಾಕ್ಟ್ರುಗಳ ಪರೀಕ್ಷಗ ನಮ್ಮ ಹೈದನ್ನ ಕರ್ದವ್ರ."

ವೈದ್ಯರು ಕೂಸನ್ನು ಪರೀಕ್ಷಿಸುವುದು ಗೊತ್ತಿತ್ತು. ವೈದ್ಯರನ್ನು ಪರೀಕ್ಷಿಸಲು ಕೂಸು ಹೋಗುವುದು ಹೊಸದಾಗಿ ಕಂಡಿತು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಮಕ್ಕಳ ವೈದ್ಯಕೀಯದಲ್ಲಿ ಎಂ.ಡಿ. ಓದುವವರು ಮೂರು ವರ್ಷದ ಕೊನೆಗೆ ಥಿಯರಿ ಪತ್ರಿಕೆಗಳನ್ನು ಬರೆದರೆ ಮುಗಿಯುವುದಿಲ್ಲ. ನಿಜವಾದ ಹೆದರಿಕೆ ಇರುವುದು ಕ್ಲಿನಿಕಲ್ ಪರೀಕ್ಷೆಯಲ್ಲಿ. ಅದರಲ್ಲಿ ಒಂದು 'ಲಾಂಗ್ ಕೇಸ್'. ಅಪರಿಚಿತ ಮಗು, ಅಪರಿಚಿತ ತಾಯಿ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಸಮಯ. ಕಾಯಿಲೆ ಯಾವಾಗ ಶುರುವಾಯಿತು, ಹೆರಿಗೆ ಹೇಗಾಯಿತು, ಯಾವಾಗ ಕತ್ತು ನಿಂತಿತು, ಯಾವಾಗ ನಡೆಯಿತು, ಯಾವ ಚುಚ್ಚುಮದ್ದು ಆಗಿದೆ, ನಿನ್ನೆ ಏನು ಉಂಡಿತು ಎಂದು ಕೇಳಿ, ತೂಕ, ಎತ್ತರ, ತಲೆಯ ಸುತ್ತಳತೆ ತೆಗೆದು, ಮೈ ಮುಟ್ಟಿ ನೋಡಿ, ಪರೀಕ್ಷಕರ ಮುಂದೆ ನಿಂತು ಹೇಳಬೇಕು. ಆಮೇಲೆ 'ಶಾರ್ಟ್ ಕೇಸ್'ಗಳು. ಅಲ್ಲಿ ಕಥೆ ಕೇಳುವ ಹಾಗಿಲ್ಲ. "ಈ ಮಗುವಿನ ಹೊಟ್ಟೆ ನೋಡಿ" ಅಂದರೆ ಹೊಟ್ಟೆ ಮಾತ್ರ. ಇದಕ್ಕೆಲ್ಲ ಬೇಕಾದ ಮಕ್ಕಳನ್ನು ವಿಭಾಗದವರು ಮೊದಲೇ ಗೊತ್ತು ಮಾಡಿ, ಫೋನ್ ಮಾಡಿ, ಬಸ್ ಚಾರ್ಜು ಊಟ ಕೊಟ್ಟು ಕರೆಸುವುದು ವಾಡಿಕೆ. ದೊಡ್ಡ ಗುಲ್ಮ, ಗುಂಡಿಗೆಯಲ್ಲಿ ಸದ್ದು, ಬಿಗಿದ ಕೈಕಾಲು ಇರುವ ಮಗು 'ಒಳ್ಳೆ ಕೇಸು'. ಹೆತ್ತವರಿಗೆ ಕೇಳಿಸಬಾರದ ಮಾತು ಅದು. ಆದರೆ ಕೇಳಿಸುತ್ತದೆ.

ಈ ತಯಾರಿಯನ್ನು ನಾವು ಹತ್ತಿರದಿಂದ ಕಂಡದ್ದು ನಮ್ಮಲ್ಲೊಬ್ಬಳ ಅಕ್ಕನ ದೆಸೆಯಿಂದ. ಕೊಳ್ಳೇಗಾಲದವಳು, ಮೈಸೂರಿನಲ್ಲಿ ಎಂ.ಡಿ. ಓದುತ್ತಿದ್ದಳು. ಪರೀಕ್ಷೆಗೆ ಎರಡು ತಿಂಗಳಿರುವಾಗ ಅವಳಿಗೆ ಅಭ್ಯಾಸಕ್ಕೆ 'ತಾಯಂದಿರು' ಬೇಕಾದರು, ನಾವು ಕೂತೆವು. ಒಬ್ಬ ಹಿಮೋಫಿಲಿಯಾ ಹುಡುಗನ ಅವ್ವನಾದ, ಒಬ್ಬಳು ನೆಫ್ರೋಟಿಕ್ ಕೂಸಿನ ಅಜ್ಜಿಯಾದಳು. ಅವಳು ಪ್ರಶ್ನೆ ಕೇಳುತ್ತಾ ಗಡಿಯಾರ ನೋಡುವಳು, ನಾವು ಬೇಕೆಂದೇ ಅಡ್ಡಾದಿಡ್ಡಿ ಉತ್ತರ ಕೊಡುವೆವು. ಮೆಹರ್‌ಬಾನ್ ಸಿಂಗ್ ಅವರ ಪುಸ್ತಕ ಮೇಜಿನ ಮೇಲೆ, ಘಾಯ್ ಮಂಚದ ಮೇಲೆ, ನೆಲ್ಸನ್ನಿನ ಎರಡು ಸಂಪುಟ ದಿಂಬಿನ ಪಕ್ಕ. ಒಂದು ಸಂಜೆ "ನಿನ್ನೆ ಮಗು ಏನು ಊಟ ಮಾಡ್ತು?" ಎಂದು ಕೇಳಿದಳು. "ಒಂದು ಮುದ್ದೆ, ಉಪ್ಪೆಸ್ರು" ಅಂದೆವು. "ಎಷ್ಟು ದಪ್ಪದ ಮುದ್ದೆ?" ಅಂದಳು. ನಕ್ಕೆವು. ಅವಳು ನಗಲಿಲ್ಲ.

ಆ ಮುದ್ದೆಯ ಬೆನ್ನು ಹತ್ತಿ ಹೋದರೆ ಚರಿತ್ರೆ ಸಿಗುತ್ತದೆ. ಪರೀಕ್ಷೆಯಲ್ಲಿ ಮಗು ಉಂಡದ್ದನ್ನು ಕ್ಯಾಲೊರಿ, ಪ್ರೋಟೀನಿಗೆ ಇಳಿಸಿ ಹೇಳಬೇಕು. 100 ಗ್ರಾಂ ರಾಗಿಗೆ 320ರ ಆಸುಪಾಸು ಕ್ಯಾಲೊರಿ, 300 ಮಿಲಿಗ್ರಾಂಗೂ ಮಿಕ್ಕಿದ ಸುಣ್ಣದಂಶ ಎಂಬ ಲೆಕ್ಕವನ್ನು ಬಾಯಿಪಾಠ ಮಾಡುತ್ತಾರೆ. ಇಂಥ ಪಟ್ಟಿಗಳ ತವರು ನಮಗೆ ದೂರದ್ದಲ್ಲ, ನೀಲಗಿರಿಯ ಕೂನೂರು. ಮೆಕ್‌ಕ್ಯಾರಿಸನ್ ಕಟ್ಟಿದ ಪ್ರಯೋಗಾಲಯದಲ್ಲಿ ಅವನ ನಂತರ ಬಂದ ಐಕ್ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೌಷ್ಟಿಕಾಂಶದ ಪುಸ್ತಿಕೆ ಹೊರತಂದ. 1958ರಲ್ಲಿ ಪ್ರಯೋಗಾಲಯ ಹೈದರಾಬಾದಿಗೆ ಹೋಯಿತು, ಪಟ್ಟಿ ಬೆಳೆಯುತ್ತಾ ಇವತ್ತಿಗೂ ವಿದ್ಯಾರ್ಥಿಗಳ ಜೇಬಿನಲ್ಲಿದೆ. ಆದರೆ ಪಟ್ಟಿ ಹಿಟ್ಟಿನ ಲೆಕ್ಕ ಕೊಡುತ್ತದೆಯೇ ಹೊರತು ಮುದ್ದೆಯದ್ದಲ್ಲ. ನಮ್ಮ ಕಡೆಯ ಮುದ್ದೆಯಲ್ಲಿ ನೀರೆಷ್ಟು ಹಿಟ್ಟೆಷ್ಟು ಎಂಬುದು ಕೋಲು ಹಿಡಿದು ತಿರುವಿದವರಿಗೆ ಗೊತ್ತು. ಮುದ್ದೆಯನ್ನೇ ನೋಡದೆ ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿ ಇಲ್ಲಿ ತಡವರಿಸುತ್ತಾನೆ. ಡಾಕ್ಟ್ರಕ್ಕ ಮಾತ್ರ ಮನೆಗೆ ಬಂದಾಗ ಅವ್ವನ ಮುದ್ದೆಯನ್ನು ತಕ್ಕಡಿಗಿಟ್ಟು ತೂಗಿದಳು. ಅವ್ವನಿಗೆ ಸಿಟ್ಟು ಬಂತು. ಉಣ್ಣೋ ಅನ್ನವನ್ನು ತೂಗಬಾರದಂತೆ.

ಈಗ ಇದೇ ನೆಲದ ಹಳೆಯ ಗಡಿಯ ಮಾತು. ಟಿಪ್ಪುವಿನ ಪತನದ ನಂತರ ಕೊಳ್ಳೇಗಾಲ ಇಂಗ್ಲಿಷರ ಪಾಲಾಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಅದರೊಳಗೇ ಇತ್ತು, ಪ್ರತ್ಯೇಕ ತಾಲ್ಲೂಕಾದದ್ದು ತೀರಾ ಈಚೆಗೆ. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿ ಮೈಸೂರಿನಲ್ಲೇ ಉಳಿಯಿತು. 1956ರ ನವೆಂಬರ್ 1ರವರೆಗೆ, ಗಡಿಯ ಆಚೀಚೆಯ ಎರಡು ಕೂಸುಗಳು ಎರಡು ಸರ್ಕಾರದವು. ಯಳಂದೂರಿನ ಕೂಸಿನ ದಾರಿ ಮೈಸೂರಿಗೆ. ಅಲ್ಲಿನ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದದ್ದು. ಕೊಳ್ಳೇಗಾಲಕ್ಕೆ ಕಾಗದದ ಮೇಲೆ ದೊಡ್ಡ ಊರು ಮದ್ರಾಸು. ಅಲ್ಲಿ ಎಗ್ಮೋರಿನಲ್ಲಿ ಮಕ್ಕಳ ವೈದ್ಯಕೀಯವನ್ನು ಕಟ್ಟಿದ ಡಾ. ಎಸ್.ಟಿ. ಆಚಾರ್ ಅವರ ಪಠ್ಯಪುಸ್ತಕವನ್ನು ಆಮೇಲೆ ದಕ್ಷಿಣದ ವಿದ್ಯಾರ್ಥಿಗಳೆಲ್ಲ ಓದಿದರು. ಬೊಂಬಾಯಿಯಲ್ಲಿ ಈ ಶಾಖೆಗೆ ಬುನಾದಿ ಹಾಕಿದವರಲ್ಲಿ ಮೊದಲಿಗರಾದ ಡಾ. ಜಾರ್ಜ್ ಕೊಯೆಲ್ಹೊ ಮಂಗಳೂರು ಮೂಲದವರು. ಮಕ್ಕಳ ವೈದ್ಯರ ಎರಡು ಸಂಘಗಳು ಒಂದಾಗಿ ಅಖಿಲ ಭಾರತದ ಅಕಾಡೆಮಿ ಆದದ್ದು 1963ರಲ್ಲಿ. ಅಲ್ಲಿಯವರೆಗೆ ಬಹಳಷ್ಟು ಕಡೆ ಮಗು ಅಂದರೆ ಸಣ್ಣ ಅಳತೆಯ ದೊಡ್ಡವನು, ಔಷಧ ಅರ್ಧ ಮಾಡಿದರೆ ಸಾಕು ಎಂಬ ಭಾವನೆ ಇತ್ತು.

ಪರೀಕ್ಷೆಯ ಕೈಕೆಲಸದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗುಲ್ಮ. ಅದನ್ನು ಮುಟ್ಟಿ ನೋಡುವುದಕ್ಕೆ ಒಂದು ಕ್ರಮವಿದೆ. ಬಲಗಡೆಯ ಕೆಳಹೊಟ್ಟೆಯಿಂದ ಶುರುಮಾಡಿ, ಮಗು ಉಸಿರೆಳೆದಾಗಲೆಲ್ಲ ಬೆರಳು ನಿಲ್ಲಿಸಿ, ಓರೆಯಾಗಿ ಎಡಪಕ್ಕೆಯ ಕಡೆಗೆ ಸರಿಯಬೇಕು. ಎಡಗಡೆಯಿಂದಲೇ ಶುರುಮಾಡಿದರೆ ತೀರಾ ದೊಡ್ಡ ಗುಲ್ಮದ ಅಂಚು ಸಿಗದೇ ಹೋಗುತ್ತದೆ. ಕೈ ತಣ್ಣಗಿರಬಾರದು. ಮಗು ಅತ್ತರೆ ಮುಗಿಯಿತು. ಡಾಕ್ಟ್ರಕ್ಕ ವಾರಗಟ್ಟಲೆ ವಾರ್ಡಿನಲ್ಲಿ ಇದನ್ನೇ ಮಾಡಿದಳು. ಜೇಬಿನಲ್ಲಿ ಸಣ್ಣ ಗಿಲಕಿ, ಅಂಗೈ ಉಜ್ಜಿ ಬಿಸಿಮಾಡಿಕೊಳ್ಳುವ ಚಾಳಿ.

ಮಕ್ಕಳ ಗುಲ್ಮವನ್ನು ಹೀಗೆ ಮುಟ್ಟುವ ಕೆಲಸ ಪದವಿಗಾಗಿ ಹುಟ್ಟಿದ್ದಲ್ಲ. 1840ರ ದಶಕದಲ್ಲಿ ಉತ್ತರ ಭಾರತದ ಯಮುನಾ ಕಾಲುವೆಯ ಬದಿಯ ಹಳ್ಳಿಗಳಲ್ಲಿ ಚಳಿಜ್ವರ ಎಷ್ಟಿದೆ ಎಂದು ತಿಳಿಯಲು ಡೆಂಪ್‌ಸ್ಟರ್ ಎಂಬ ವೈದ್ಯ ಜನರ ಗುಲ್ಮ ಮುಟ್ಟಿ ಎಣಿಸಿದ. ಎಣಿಕೆಯ ಉದ್ದೇಶ ಆ ಮಕ್ಕಳ ಚಿಕಿತ್ಸೆಯಲ್ಲ, ಕಾಲುವೆಯಿಂದ ಜ್ವರ ಹೆಚ್ಚಿತೇ ಎಂಬ ಸರ್ಕಾರದ ಲೆಕ್ಕ. ಅದು ಮುಂದೆ ಮಲೇರಿಯಾ ಅಳೆಯುವ ಜಾಗತಿಕ ಪದ್ಧತಿಯಾಯಿತು. ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೂರಕ್ಕೆ ಎಷ್ಟು ಗುಲ್ಮ ಎಂದು ಬರೆದುಕೊಳ್ಳುವುದು. ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಜೊತೆ ಮಲೇರಿಯಾ ಅಧ್ಯಯನಕ್ಕೆ ಇಳಿಯಿತು. ಅದೇ ಪ್ರತಿಷ್ಠಾನದ ಹ್ಯಾಕೆಟ್ 1944ರಲ್ಲಿ ಬರೆದಿಟ್ಟ, ಗುಲ್ಮ ಎಷ್ಟು ಕೆಳಗಿಳಿದಿದೆ ಎಂಬ ಸೊನ್ನೆಯಿಂದ ಐದರವರೆಗಿನ ದರ್ಜೆಯನ್ನು ಪಿ.ಜಿ.ಗಳು ಈಗಲೂ ಒಪ್ಪಿಸುತ್ತಾರೆ. ಕಾಡಿನಂಚಿನ ಜ್ವರಕ್ಕೆ ಹೆದರುತ್ತಲೇ ಬಾಳಿದ ನಮ್ಮ ಊರುಗಳಲ್ಲಿ 'ಗುಲ್ಮದ ಗಡ್ಡೆ' ಎಂಬ ಮಾತು ಅಜ್ಜಿಯರ ಬಾಯಲ್ಲಿ ಇನ್ನೂ ಇದೆ.

ಮಲೇರಿಯಾ ಇಳಿದ ಮೇಲೂ ಕೆಲವು ಮಕ್ಕಳ ಗುಲ್ಮ ಇಳಿಯಲಿಲ್ಲ. ಅದಕ್ಕೊಂದು ಕಾರಣ ರಕ್ತದಲ್ಲೇ ಇತ್ತು. ಕುಡುಗೋಲಿನಂತೆ ಬಾಗಿದ ಕೆಂಪು ಕಣಗಳನ್ನು 1910ರಲ್ಲಿ ಷಿಕಾಗೊದ ಹೆರಿಕ್ ಮೊದಲು ವರ್ಣಿಸಿದ. ಬಹುಕಾಲ ಅದು ಆಫ್ರಿಕಾ ಮೂಲದವರ ಕಾಯಿಲೆ ಎಂದೇ ಪುಸ್ತಕಗಳಲ್ಲಿತ್ತು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರಲ್ಲಿ ಅದರ ಗುಣ ಕಂಡರು. ಅಂದರೆ ಆಹಾರ ಪಟ್ಟಿ ಹುಟ್ಟಿದ ಅದೇ ಬೆಟ್ಟಸಾಲಿನಲ್ಲಿ, ನಮ್ಮ ಜಿಲ್ಲೆಯ ತೆಂಕಣದ ಬೇಲಿಯಾಚೆ. ನಮ್ಮ ಸೋಲಿಗರಲ್ಲೂ ಅದು ಇದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಪೋಡುಗಳಲ್ಲಿ ಅದನ್ನು ಹುಡುಕುವ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದಿದೆ. ಒಕ್ಕೂಟ ಸರ್ಕಾರ ಇದರ ನಿರ್ಮೂಲನೆಯ ಅಭಿಯಾನ ಘೋಷಿಸಿದ್ದು 2023ರಲ್ಲಿ.

ಪರೀಕ್ಷೆಯ ಒಂದು ಗುಂಡಿ ಇರುವುದು ಇಲ್ಲೇ. ಅಮೆರಿಕ, ಜಮೈಕಾದ ಮಕ್ಕಳನ್ನು ನೋಡಿ ಬರೆದ ಪುಸ್ತಕಗಳ ಪ್ರಕಾರ ಸಿಕಲ್ ಸೆಲ್ ಕಾಯಿಲೆಯ ಮಗುವಿಗೆ ಐದಾರು ವರ್ಷವಾಗುವಷ್ಟರಲ್ಲಿ ಗುಲ್ಮ ಸುಕ್ಕಿ ಮಾಯವಾಗುತ್ತದೆ. ಆದರೆ ಭಾರತದ ಬುಡಕಟ್ಟುಗಳಲ್ಲಿ ಹೆಚ್ಚಾಗಿ ಕಾಣುವ ವಂಶವಾಹಿಯ ಬಗೆ ಬೇರೆ. ಅದನ್ನು ಹೊತ್ತ ಮಕ್ಕಳಲ್ಲಿ ಭ್ರೂಣಕಾಲದ ಹಿಮೋಗ್ಲೋಬಿನ್ ಹೆಚ್ಚು ಉಳಿದಿರುತ್ತದೆ, ಎಷ್ಟೋ ಮಕ್ಕಳಲ್ಲಿ ದೊಡ್ಡ ಗುಲ್ಮ ಬಹಳ ವರ್ಷ ಹಾಗೇ ಇರುತ್ತದೆ. 1980ರ ದಶಕದಲ್ಲಿ ಒಡಿಶಾದ ರೋಗಿಗಳ ಅಧ್ಯಯನ ಇದನ್ನು ಸ್ಪಷ್ಟ ಮಾಡಿತು. ಎಂಟು ವರ್ಷದ ಹುಡುಗ, ಎಡಗಡೆ ಕೈಗೆ ಸಿಗುವ ಗುಲ್ಮ. "ಆದ್ದರಿಂದ ಸಿಕಲ್ ಸೆಲ್ ಅಲ್ಲ" ಎಂದು ವಿದ್ಯಾರ್ಥಿ ಹೇಳಿಬಿಟ್ಟರೆ, ಅವನು ಪುಸ್ತಕದ ಮಗುವನ್ನು ನೋಡಿದ, ಎದುರಿನ ಮಗುವನ್ನಲ್ಲ. ಪರೀಕ್ಷೆಯಲ್ಲಿ ಅದರಿಂದ ಹೋಗುವುದು ಅಂಕ. ಹನೂರಿನ ಯಾವುದೋ ಕ್ಲಿನಿಕ್ಕಿನಲ್ಲಿ ಅದೇ ಮಾತು ಹೇಳಿದರೆ ಹೋಗುವುದು ಬೇರೆ.

ಅಳತೆಗೋಲಿನದೂ ಇದೇ ಕಥೆ. 1972ರಲ್ಲಿ ಭಾರತದ ಅಕಾಡೆಮಿ ಅಪೌಷ್ಟಿಕತೆಗೆ ದರ್ಜೆ ಮಾಡಿದಾಗ ಹೋಲಿಕೆಗೆ ಇಟ್ಟುಕೊಂಡದ್ದು ಹಾರ್ವರ್ಡಿನ, ಅಂದರೆ ಬಾಸ್ಟನ್ ಮಕ್ಕಳ ತೂಕ. 2006ರ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆರು ದೇಶಗಳ ಮಕ್ಕಳಿದ್ದಾರೆ, ಭಾರತದಿಂದ ದಕ್ಷಿಣ ದೆಹಲಿಯ ಅನುಕೂಲಸ್ಥ ಮನೆಗಳವರು. ಮಗು ಹೇಗೆ ಬೆಳೆಯಬಲ್ಲದು ಎಂದು ತಿಳಿಯಲು ಹೊಟ್ಟೆತುಂಬ ಉಂಡ ಮಕ್ಕಳನ್ನೇ ಅಳೆಯಬೇಕು, ಅದನ್ನು ನಾವು ಒಪ್ಪುತ್ತೇವೆ. ಆದರೂ ನಮ್ಮ ಮಕ್ಕಳು ಯಾವಾಗಲೂ ಕೇಸು, ಗೋಲು ಯಾವಾಗಲೂ ಬೇರೆಯವರದು ಎಂಬುದು ಸ್ವಲ್ಪ ಚುಚ್ಚುತ್ತದೆ.

ನಮ್ಮವರೇ ಗೋಲಾದ ಒಂದು ಸಂದರ್ಭವಿದೆ, ಅದು ಮದುವೆಯದು. ಲಾಂಗ್ ಕೇಸಿನಲ್ಲಿ ವಂಶವೃಕ್ಷ ಬರೆಯಬೇಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. "ಸಂಬಂಧದಲ್ಲೇ ಮದುವೆನಾ?" ಎಂದು ಕೇಳಿದರೆ ನಮ್ಮ ತಾಯಂದಿರು ಎಷ್ಟೋ ಸಲ "ಇಲ್ಲ" ಅನ್ನುತ್ತಾರೆ, ಸೋದರಮಾವನಿಗೆ ಕೊಡುವುದು ಅವರ ಮಟ್ಟಿಗೆ ಹೇಳಬೇಕಾದ ವಿಶೇಷವೇ ಅಲ್ಲ. "ನಿಮ್ಮ ಯಜಮಾನ್ರು ನಿಮಗೆ ಮೊದಲು ಏನಾಗಬೇಕಿತ್ತು?" ಎಂದು ಕೇಳಬೇಕು. ಡಾಕ್ಟ್ರಕ್ಕ ಈ ಒಂದು ವಾಕ್ಯವನ್ನು ಮಲಯಾಳಿ, ಹಿಂದಿ ಸಹಪಾಠಿಗಳಿಗೆಲ್ಲ ಕನ್ನಡದಲ್ಲೇ ಕಲಿಸಿಕೊಟ್ಟಳು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಸಾವಿರಾರು ಶಿಶುಗಳನ್ನು ತಪಾಸಿಸಿ, ಇಂಥ ಮದುವೆಗೂ ಹುಟ್ಟುಕಾಯಿಲೆಗೂ ಇರುವ ನಂಟನ್ನು ರಾಧಾ ರಮಾದೇವಿ, ಅಪ್ಪಾಜಿ ರಾವ್, ಬಿಟಲ್ಸ್ ಬರೆದರು. ಜಗತ್ತಿನ ಪುಸ್ತಕಗಳು ಅದನ್ನು ಈಗಲೂ ಉಲ್ಲೇಖಿಸುತ್ತವೆ.

ಲಾಂಗ್ ಕೇಸ್ ಬೇಕೇ ಎಂಬ ತಗಾದೆಯೂ ಹಳೆಯದೇ. ಒಬ್ಬನಿಗೆ ಸುಲಭದ ಮಗು, ಇನ್ನೊಬ್ಬನಿಗೆ ಕಷ್ಟದ ಮಗು ಸಿಕ್ಕರೆ ನ್ಯಾಯವೆಲ್ಲಿ? 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಹಾರ್ಡನ್ 'ಓಸ್ಕಿ' ಪದ್ಧತಿ ತಂದ. ಗಂಟೆ ಬಾರಿಸಿದಾಗಲೆಲ್ಲ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದು, ಎಲ್ಲರಿಗೂ ಅದೇ ಪ್ರಶ್ನೆ. ಬ್ರಿಟನ್ನಿನ ಮಕ್ಕಳ ವೈದ್ಯರ ಕಾಲೇಜು 2004ರಲ್ಲಿ ಲಾಂಗ್ ಕೇಸನ್ನು ಕೈಬಿಟ್ಟು ಮೇಜಿನಿಂದ ಮೇಜಿಗೆ ಹೋಗುವ ಪದ್ಧತಿಗೆ ಬಂತು, ನಮ್ಮ ಡಿಎನ್‌ಬಿಯಲ್ಲೂ ಓಸ್ಕಿ ಇದೆ. ನ್ಯಾಯ ಅದರಲ್ಲೇ ಹೆಚ್ಚು, ಸರಿ. ಆದರೆ ಐದಾರು ನಿಮಿಷದ ಮೇಜಿನಲ್ಲಿ ಮುದ್ದೆಯ ದಪ್ಪ ಕೇಳುವುದಕ್ಕೆ ಪುರಸೊತ್ತಿಲ್ಲ. ಒಂದು ಗಂಟೆ ಕೂತು ತಾಯಿಯ ಮಾತು ಕೇಳಲೇಬೇಕು ಎಂದು ವೈದ್ಯರನ್ನು ಕಟ್ಟಿಹಾಕುವ ಏರ್ಪಾಡು ಇದೊಂದೇ ಅನ್ನಿಸಿ ನಾವು ಲಾಂಗ್ ಕೇಸಿನ ಪರ.

ನಮ್ಮ ಪೇಟೆಗಳ ಹಳೆಯ ಬೋರ್ಡುಗಳಲ್ಲಿ ಮಕ್ಕಳ ಡಾಕ್ಟರ ಹೆಸರಿನ ಮುಂದೆ ಹೆಚ್ಚಾಗಿ ಕಾಣುವುದು ಎಂ.ಡಿ. ಅಲ್ಲ, ಎರಡು ವರ್ಷದ ಡಿಪ್ಲೊಮಾ ಡಿ.ಸಿ.ಎಚ್. ಸಣ್ಣ ಊರು ನಡೆದದ್ದು ಅವರ ಮೇಲೆ. ಮೆಡಿಕಲ್ ಕಾಲೇಜುಗಳ ಡಿಪ್ಲೊಮಾ ಸೀಟುಗಳು ಪದವಿ ಸೀಟುಗಳಾಗುತ್ತಾ ಹೋದವು, 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿ ಆಸ್ಪತ್ರೆಗಳಲ್ಲೇ ಕಲಿಯುವ ಡಿಪ್ಲೊಮಾವನ್ನು ಮತ್ತೆ ತಂದಿತು. ಚಾಮರಾಜನಗರಕ್ಕೆ 2016ರಲ್ಲಿ ಸ್ವಂತ ಮೆಡಿಕಲ್ ಕಾಲೇಜು ಬಂದಿದೆ, ಪಿ.ಜಿ.ಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿರಬೇಕೆಂಬ ನಿಯಮವೂ ಬಂದಿದೆ. ಡಾಕ್ಟ್ರಕ್ಕ ಪಾಸಾದಳು. ಕೊಳ್ಳೇಗಾಲಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ "ನವಜಾತ ಶಿಶುವಿಗೆ ವೆಂಟಿಲೇಟರ್ ಹಾಕೋ ಜಾಗ ಬೇಕಲ್ವಾ" ಅಂದಳು. ಜಗಳವಾಡುವ ಉತ್ತರವಲ್ಲ ಅದು. ಸದ್ಯಕ್ಕೆ ಮೈಸೂರಿನಲ್ಲಿದ್ದಾಳೆ.

ಬಸ್ ನಿಲ್ದಾಣದ ಆ ತಾಯಿಗೆ ವಾರದ ನಂತರ ಫೋನ್ ಮಾಡಿದೆವು. ಒಬ್ಬಳು ಹುಡುಗಿ ಬಂದು ಹೊಟ್ಟೆ ಮುಟ್ಟಿದಳಂತೆ, ಕೈ ನಡುಗುತ್ತಿತ್ತಂತೆ, ಎಡಗಡೆಯಿಂದಲೇ ಶುರುಮಾಡಿದಳಂತೆ.

"ಅಲ್ಲಲ್ಲ ಕಣವ್ವ, ಬಲಗಡಯಿಂದ ಬಾ ಅಂತ ಮೆಲ್ಗ ಹೇಳ್ದಿ. ನಮ್ಮ ಹೈದಂದ ಎಷ್ಟ್ ಜನ ಮುಟ್ಟವ್ರ, ನಂಗ ಗೊತ್ತಿಲ್ವಾ?"

"ಪಾಸಾದ್ರಾ ಅವ್ರು?"

"ಯಾರ್ಗೊತ್ತಪ್ಪ. ಹನೂರ್ ಬಸ್ಸು ತಪ್ಪೋಯ್ತದ ಅಂತ ನಾವ್ ಬಿರ್‍ನ ಹೊಂಟ್ಬುಟ್ವಿ."