ಶಾಲೆ ಬಿಟ್ಟು ಹೊರಟ ಬಾಲಕ: ಕೂಡ್ಲಿಗಿ–ಹರಪನಹಳ್ಳಿ ಸೀಮೆಯ ಪ್ರೌಢಶಾಲೆಗಳ ಅಂತಿಮ ವರ್ಷವನ್ನು ಕುರಿತು ಒಂದು ವಿಚಾರ

ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿ ಹೊರಡುವ ಹುಡುಗನ ಕೈಗೆ ಮುಖ್ಯೋಪಾಧ್ಯಾಯರು ಕೊಡುವ ವರ್ಗಾವಣೆ ಪತ್ರದಲ್ಲಿ, ಅವನ ಹೆಸರು, ತಂದೆಯ ಹೆಸರು, ಜಾತಿ, ಜನ್ಮದಿನಾಂಕ, ಓದಿದ ತರಗತಿ ಇವೆಲ್ಲವುಗಳ ತರುವಾಯ ‘ನಡತೆ’ ಎಂಬುದೊಂದು ಅಂಕಣವುಂಟು. ಅದರೆದುರು ‘ಉತ್ತಮ’ ಎಂದೋ ‘ತೃಪ್ತಿಕರ’ ಎಂದೋ ಒಂದೇ ಒಂದು ಶಬ್ದವಿರುತ್ತದೆ. ಬಾಲ್ಯವನ್ನೆಲ್ಲ ಶಾಲೆಯಲ್ಲಿ ಕಳೆದ ಜೀವವೊಂದರ ಒಲವು, ಹಟ, ಭಯ, ಸಾಹಸಗಳೆಲ್ಲವೂ ಆ ಒಂದು ಶಬ್ದದೊಳಗೆ ಅಡಗಿಹೋಗುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ, ಶಾಲೆಯನ್ನು ಬಿಡುವ ಹೊತ್ತಿನ ಬಾಲಕನ ವ್ಯಕ್ತಿತ್ವವನ್ನು ಅರಿಯಬೇಕಾದರೆ ಯಾವ ಸಾಮಗ್ರಿಯನ್ನು ಆಶ್ರಯಿಸಬೇಕು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಈ ಸೀಮೆಯ ಶಾಲಾದಾಖಲೆಗಳನ್ನು ಕೈಗೆತ್ತಿಕೊಳ್ಳುವವರು ಮೊದಲು ಗಮನಿಸಬೇಕಾದುದು ಅವುಗಳ ತಲೆಬರಹವನ್ನು. ಬಳ್ಳಾರಿ ಜಿಲ್ಲೆಯು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತಕ್ಕೆ ಸೇರಿದ್ದು, ಅಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಹರಪನಹಳ್ಳಿಯಾದರೋ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯ ಪಾಲಾಯಿತು. ತಾತ, ಮಗ, ಮೊಮ್ಮಗ ಮೂವರೂ ಒಂದೇ ಊರಿನಲ್ಲಿ ಓದಿದವರಾದರೂ ಅವರ ಪ್ರಮಾಣಪತ್ರಗಳ ಮೇಲಣ ಮುದ್ರೆಗಳು ಬೇರೆಬೇರೆಯಾಗಿರುವುದು ಇಲ್ಲಿ ಸಾಮಾನ್ಯ.

ಮದ್ರಾಸಿನ ಕಾಲದಲ್ಲಿ ಹುಡುಗರು ಆರನೆಯ ಫಾರಂ ಮುಗಿಸಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದರು. ಅಂದಿನ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಅಂಕಗಳೊಡನೆ ವಿದ್ಯಾರ್ಥಿಯ ದೇಹದ ಗುರುತುಗಳನ್ನೂ ಬರೆಯುವ ಪದ್ಧತಿಯಿತ್ತು. ಕೆನ್ನೆಯ ಮಚ್ಚೆಗೂ ಮೊಣಕಾಲಿನ ಗಾಯದ ಕಲೆಗೂ ದೊರೆತಷ್ಟು ಸ್ಥಳ ಮನಸ್ಸಿನ ಗುಣಕ್ಕೆ ದೊರೆಯಲಿಲ್ಲವೆಂಬುದನ್ನು ನೆನೆದಾಗ ನನಗೆ ವ್ಯಥೆಯಾಗುತ್ತದೆ. ಜನ್ಮದಿನಾಂಕವೂ ಎಷ್ಟೋ ಬಾರಿ ನಂಬತಕ್ಕುದಲ್ಲ: ಬರಗಾಲದ ಲೆಕ್ಕದಿಂದಲೋ ಜಾತ್ರೆಯ ಲೆಕ್ಕದಿಂದಲೋ ಮಗನ ವಯಸ್ಸನ್ನು ಹೇಳುತ್ತಿದ್ದ ತಂದೆಯ ಮಾತನ್ನು ಕೇಳಿ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದುದರಿಂದ, ಒಂದೇ ತರಗತಿಯ ಅನೇಕ ಹುಡುಗರು ಒಂದೇ ದಿನ ಹುಟ್ಟಿದವರಾಗಿ ಕಾಣುತ್ತಾರೆ.

ಆದಕಾರಣ ದಾಖಲೆಯ ಹೊರಗೆ ಹುಡುಕಬೇಕಾಗುತ್ತದೆ. ಹರಪನಹಳ್ಳಿಯಲ್ಲಿ 1913ರಲ್ಲಿ ಜನಿಸಿದ ರಾಯಸಂ ಭೀಮಸೇನರಾಯರು, ಎಂದರೆ ‘ಬೀchi’ ಎಂದು ಲೋಕವರಿತ ಹಾಸ್ಯಸಾಹಿತಿಗಳು, ಎಸ್.ಎಸ್.ಎಲ್.ಸಿ. ಮುಗಿಸಿ ಪೊಲೀಸ್ ಇಲಾಖೆಯ ನೌಕರಿಗೆ ಸೇರಿದವರು. ಕನ್ನಡವೆಂದರೆ ಉದಾಸೀನವಾಗಿದ್ದ ಅವರ ಮನಸ್ಸನ್ನು ಅ.ನ.ಕೃ. ಅವರ ‘ಸಂಧ್ಯಾರಾಗ’ ಕಾದಂಬರಿಯು ತಿರುಗಿಸಿತೆಂಬುದು ಪ್ರಸಿದ್ಧವಾದ ಸಂಗತಿ. ಈ ಉದಾಸೀನವನ್ನು ಒಬ್ಬ ವ್ಯಕ್ತಿಯ ದೋಷವೆಂದು ಎಣಿಸುವುದು ತಪ್ಪಾದೀತು. ಮೇಲಿನ ಫಾರಂಗಳ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತ, ಜಿಲ್ಲೆಯ ನಗರಜೀವನದಲ್ಲಿ ತೆಲುಗಿನ ಪ್ರಾಬಲ್ಯವಿದ್ದ ಆ ಕಾಲದಲ್ಲಿ, ಮನೆಯ ಮಾತು ಮನೆಗೆ ಮಾತ್ರ ಸಾಕೆಂಬ ಭಾವನೆಯನ್ನು ಹೊತ್ತುಕೊಂಡೇ ಹುಡುಗನು ಶಾಲೆಯ ಬಾಗಿಲನ್ನು ದಾಟುತ್ತಿದ್ದನು. ಅವನೊಳಗಿದ್ದ ವಿನೋದಪ್ರಜ್ಞೆಯನ್ನಾಗಲಿ, ಮಾತನ್ನು ಮುರಿದು ಕಟ್ಟುವ ಶಕ್ತಿಯನ್ನಾಗಲಿ ಅಳೆಯುವ ಪರೀಕ್ಷೆ ಆಗ ಇರಲಿಲ್ಲ.

ಕೊಟ್ಟೂರಿನ ಕುಂ. ವೀರಭದ್ರಪ್ಪನವರ ನಿದರ್ಶನವು ಇದಕ್ಕಿಂತ ನಿಕಟವಾದುದು. ಅವರು ಹುಟ್ಟಿದುದು 1953ರ ಅಕ್ಟೋಬರ್ 1ರಂದು, ಅಂದರೆ ಜಿಲ್ಲೆಯು ಮೈಸೂರಿಗೆ ಸೇರಿದ ದಿನವೇ. ಆದರೂ ಅವರ ಉಪಾಧ್ಯಾಯ ವೃತ್ತಿಯು ಬಹುಕಾಲ ನಡೆದುದು ಆಂಧ್ರದ ಹಳ್ಳಿಗಳಲ್ಲಿ. ಮೂರನೆಯ ದರ್ಜೆಯ ತೇರ್ಗಡೆಗೆ ನಮ್ಮ ಕಡೆ ‘ಗಾಂಧಿ ಕ್ಲಾಸು’ ಎನ್ನುವುದುಂಟು. ಮಹಾತ್ಮರು ರೈಲಿನ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡುತ್ತಿದ್ದುದರಿಂದ ಹುಟ್ಟಿದ ಈ ಮಾತಿನಲ್ಲಿ, ಕಡಿಮೆ ಅಂಕ ಪಡೆದ ಹುಡುಗನು ತನ್ನ ನೋವನ್ನು ತಾನೇ ಸಂತೈಸಿಕೊಳ್ಳುವ ಸೌಜನ್ಯವಿದೆ. ಆ ಮಾತನ್ನೇ ವೀರಭದ್ರಪ್ಪನವರು ತಮ್ಮ ಆತ್ಮಕಥೆಗೆ ಹೆಸರಾಗಿ ಇಟ್ಟರು. ‘ಅರಮನೆ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಲೇಖಕನೊಬ್ಬನು ಈ ಹೆಸರನ್ನು ಆರಿಸಿಕೊಂಡುದರಲ್ಲಿ, ಅಂಕಪಟ್ಟಿಗೂ ವ್ಯಕ್ತಿತ್ವಕ್ಕೂ ನಡುವಣ ಅಂತರವನ್ನು ಕುರಿತು ಶಿಕ್ಷಣಶಾಸ್ತ್ರದ ಗ್ರಂಥಗಳು ಹೇಳದಿರುವ ಸತ್ಯವೊಂದು ಪ್ರಕಟವಾಗಿದೆಯೆಂದು ನನ್ನ ಅಭಿಪ್ರಾಯ.

ಹಾಗಾದರೆ ಆ ವ್ಯಕ್ತಿತ್ವವು ಅರಳಿದುದೆಲ್ಲಿ? ಕಬಡ್ಡಿ, ವಾಲಿಬಾಲ್, ಶಾರದಾ ಪೂಜೆ, ಕೈಬರಹದ ಪತ್ರಿಕೆ ಇವು ನಾಡಿನ ಎಲ್ಲ ಶಾಲೆಗಳಲ್ಲಿಯೂ ಇದ್ದವು; ಅವುಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಈ ಸೀಮೆಯ ವಿಶೇಷವಿರುವುದು ಬಯಲಾಟದಲ್ಲಿ. ಸುಗ್ಗಿ ಮುಗಿದ ಮೇಲೆ ಊರಿನ ಬಯಲಿನಲ್ಲಿ ಅಟ್ಟ ಕಟ್ಟಿ, ರಾತ್ರಿಯಿಡೀ ಕುಣಿದು ಬೆಳಗು ಮಾಡುವ ಆ ಆಟಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯುವುದು ಸರಿಯಾಗಿ ಪರೀಕ್ಷೆಯು ಸಮೀಪಿಸುವ ಕಾಲದಲ್ಲಿಯೇ. ತರಗತಿಯಲ್ಲಿ ನಾಲ್ಕು ಸಾಲು ಪದ್ಯವನ್ನು ಒಪ್ಪಿಸಲಾರದೆ ಬೆಂಚಿನ ಮೇಲೆ ನಿಲ್ಲುತ್ತಿದ್ದ ಹುಡುಗನು, ರಾತ್ರಿ ಭೀಮನದೋ ಕರ್ಣನದೋ ಮಾತುಗಳನ್ನು ಒಂದಕ್ಷರವೂ ತಪ್ಪದೆ ಹೇಳುವುದನ್ನು ಕಂಡ ಅಧ್ಯಾಪಕರು, ಅವನ ಸ್ಮರಣಶಕ್ತಿಯ ವಿಷಯದಲ್ಲಿ ತಾವು ಮಾಡಿಕೊಂಡಿದ್ದ ನಿರ್ಣಯವನ್ನು ಮರುವಿಮರ್ಶೆ ಮಾಡಬೇಕಾಗಿತ್ತು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಲ್ಲಿ ಮುದೇನೂರು ಸಂಗಣ್ಣನವರಂತಹ ನಾಟಕಕಾರರೂ ಜಾನಪದ ತಜ್ಞರೂ ಬಾಳಿದುದು ಇಂತಹ ನೆಲದ ಫಲ. ತುಂಗಭದ್ರಾ ಜಲಾಶಯದ ನೀರಿನಲ್ಲಿ ಮುಳುಗಿದ ನಾರಾಯಣದೇವರಕೆರೆಯಲ್ಲಿ 1940ರಲ್ಲಿ ಹುಟ್ಟಿದ ಎಂ.ಪಿ. ಪ್ರಕಾಶ್ ಅವರು, ವಕೀಲರಾಗಿ, ರಾಜಕಾರಣಿಗಳಾಗಿ ಬೆಳೆದ ಮೇಲೆಯೂ ಹೂವಿನಹಡಗಲಿಯಲ್ಲಿ ‘ರಂಗಭಾರತಿ’ಯನ್ನು ಕಟ್ಟಿ ನಾಟಕದ ಸಂಗವನ್ನು ಬಿಡಲಿಲ್ಲ. ಊರೇ ನೀರಿನ ಕೆಳಗೆ ಹೋದವರ ಮಕ್ಕಳಿಗೆ, ಹಗರಿಬೊಮ್ಮನಹಳ್ಳಿಯ ಸುತ್ತಣ ಮುಳುಗಡೆ ಗ್ರಾಮಗಳಲ್ಲಿ ಎಷ್ಟೋ ಮಂದಿಗೆ, ಹಳೆಯ ಶಾಲೆಯ ನೆನಪಲ್ಲದೆ ಹಿಂದಿರುಗಿ ನೋಡಲು ಶಾಲೆಯ ಗೋಡೆಯೂ ಉಳಿಯಲಿಲ್ಲವೆಂಬುದನ್ನು ಇಲ್ಲಿ ಹೇಳದಿರಲಾರೆ.

ಬಯಲಾಟದಂತೆಯೇ ಹೊಲವೂ ಒಂದು ಪಾಠಶಾಲೆಯಾಗಿತ್ತು. ಶೇಂಗಾ ಕೀಳುವ ದಿನಗಳಲ್ಲಿ ಹಾಜರಿ ಪುಸ್ತಕದಲ್ಲಿ ಕಾಣುವ ಗೈರುಹಾಜರಿಯ ಸಾಲುಗಳನ್ನು ಸೋಮಾರಿತನದ ಲಕ್ಷಣವೆಂದು ಓದುವ ಸಂಶೋಧಕನು, ಮನೆಗೆ ಆಸರೆಯಾದ ಹದಿನಾರು ವರ್ಷದ ಬಾಲಕನ ಹೊಣೆಗಾರಿಕೆಯನ್ನೇ ಅವನ ಅವಗುಣವಾಗಿ ಎಣಿಸಿದಂತಾಗುತ್ತದೆ.

ಕೊನೆಗೆ ಬರುವುದು ಬೀಳ್ಕೊಡುಗೆಯ ದಿನ. ಕಿರಿಯ ತರಗತಿಯವರು ಚಂದಾ ಎತ್ತಿ ಮಂಡಕ್ಕಿ ಒಗ್ಗರಣೆ, ಮಿರ್ಚಿಗಳನ್ನು ಹಂಚುತ್ತಾರೆ. ಹೊರಡುವವರು ಶಾಲೆಗೊಂದು ಗೋಡೆ ಗಡಿಯಾರವನ್ನೋ ಗಾಂಧೀಜಿಯ ಪಟವನ್ನೋ ಕಾಣಿಕೆಯಾಗಿ ಒಪ್ಪಿಸುತ್ತಾರೆ. ವರ್ಷವೆಲ್ಲ ಗದ್ದಲವೆಬ್ಬಿಸಿದ ಹುಡುಗನು ಮಾತನಾಡಲು ಎದ್ದುನಿಂತು ಕಂಠ ಬಿಗಿದು ಕುಳಿತುಬಿಡುತ್ತಾನೆ. ತರುವಾಯ ಗ್ರೂಪ್ ಫೋಟೋ. ಮಧ್ಯದ ಕುರ್ಚಿಯಲ್ಲಿ ಮುಖ್ಯೋಪಾಧ್ಯಾಯರು, ಇಕ್ಕೆಲಗಳಲ್ಲಿ ಅಧ್ಯಾಪಕರು, ಹಿಂದೆ ಬೆಂಚುಗಳನ್ನು ಹತ್ತಿ ನಿಂತ ಎತ್ತರದ ಹುಡುಗರು, ಮುಂದೆ ನೆಲದ ಮೇಲೆ ಕುಳಿತವರ ನಡುವೆ ವರ್ಷವನ್ನು ಬರೆದ ಹಲಗೆ. ಇಂತಹ ಚಿತ್ರಗಳು ಇಂದಿಗೂ ಮನೆಗಳ ಪಡಸಾಲೆಯಲ್ಲಿ, ದೇವರ ಪಟಗಳ ಸಾಲಿನಲ್ಲಿಯೇ ತೂಗುತ್ತಿವೆ. ಗೆದ್ದಲು ಹಿಡಿಯುವ ಮುನ್ನ ಅವುಗಳನ್ನು ಕೆಳಗಿಳಿಸಿ, ಬದುಕಿರುವ ಹಿರಿಯರ ಮುಂದಿರಿಸಿ, ಎಡದಿಂದ ಬಲಕ್ಕೆ ಒಬ್ಬೊಬ್ಬನ ಹೆಸರನ್ನೂ ಅವನ ಅಡ್ಡಹೆಸರನ್ನೂ, ಅವನು ಕಟ್ಟಿದ ವೇಷವನ್ನೂ ಕೇಳಿ ಬರೆದುಕೊಳ್ಳುವ ಕಾರ್ಯವು ಕೂಡಲೇ ಆರಂಭವಾಗಬೇಕಾಗಿದೆ. ಕೇಳಿದರೆ ಅವರು ಅಂಚಿನಲ್ಲಿ ನಿಂತ ಜವಾನನ ಹೆಸರನ್ನು ಮೊದಲು ಹೇಳುತ್ತಾರೆ. ಗಂಟೆ ಬಾರಿಸುತ್ತಿದ್ದವನು ಅವನೇ.